ಸೈಕಲ್ಲಿನ ಮೇಲಿನ ಮಾತು, ಮನೆಯೊಳಗಿನ ಮೌನ

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಆದರೆ ಮಾತು ಬಲ್ಲವನು ಆ ಮಾತನ್ನು ಎಲ್ಲಿ ಆಡಬೇಕು, ಯಾರೊಡನೆ ಆಡಬೇಕು ಎಂಬುದನ್ನು ಗಾದೆ ತಿಳಿಸುವುದಿಲ್ಲ. ಅಂಗಡಿಯ ಕಟ್ಟೆಯ ಮೇಲೆ, ರೈಲಿನ ಡಬ್ಬಿಯಲ್ಲಿ, ಕಚೇರಿಯ ಉಪಾಹಾರಗೃಹದಲ್ಲಿ ಮನಬಿಚ್ಚಿ ಮಾತನಾಡುವ ಗೃಹಸ್ಥನು ಮನೆಯ ಹೊಸ್ತಿಲು ದಾಟಿದೊಡನೆ ಮೌನಿಯಾಗುವುದುಂಟು. ಈ ಮೌನದಿಂದ ಆಗುವ ಹಾನಿ ಎಷ್ಟೆಂಬುದನ್ನು ಅರಿಯಲು ಪುಣೆಯ ಒಂದು ಭಾನುವಾರದ ಮುಂಜಾವನ್ನು ಗಮನಿಸಿದರೆ ಸಾಕು.

ಪುಣೆಯು ಒಂದು ಕಾಲಕ್ಕೆ ಸೈಕಲ್ಲುಗಳ ನಗರವೆಂದೇ ಪ್ರಸಿದ್ಧವಾಗಿತ್ತು. ವಿದ್ಯಾರ್ಥಿ, ಗುಮಾಸ್ತ, ಪ್ರಾಧ್ಯಾಪಕ, ಕಾರ್ಖಾನೆಯ ಕೆಲಸಗಾರ, ಎಲ್ಲರೂ ಸೈಕಲ್ಲನ್ನೇರಿದವರೇ. ಮುಂದೆ ಆಕುರ್ಡಿಯ ಕಾರ್ಖಾನೆಯಿಂದ ಹೊರಬಂದ ಸ್ಕೂಟರುಗಳು ರಸ್ತೆಯನ್ನು ತುಂಬಿದವು. ಸೈಕಲ್ಲು ಬಡವರ ವಾಹನವೆಂಬ ಭಾವನೆ ಬೇರೂರಿತು. ಇತ್ತೀಚಿನ ವರ್ಷಗಳಲ್ಲಿ ಅದೇ ಸೈಕಲ್ಲು ಬೇರೆ ವೇಷದಲ್ಲಿ ಮರಳಿ ಬಂದಿದೆ. ಅಂದು ಹೊಟ್ಟೆಪಾಡಿಗಾಗಿ ತುಳಿಯುತ್ತಿದ್ದರು, ಇಂದು ಹೊಟ್ಟೆ ಕರಗಿಸಲು ತುಳಿಯುತ್ತಾರೆ ಎಂದು ಹಾಸ್ಯ ಮಾಡುವವರೂ ಇದ್ದಾರೆ.

ಭಾನುವಾರ ಬೆಳಗಿನ ಐದೂವರೆಗೆ ಕೋಥರೂಡ, ಧನಕವಡಿ, ಧಾಯರಿ ಮುಂತಾದ ಬಡಾವಣೆಗಳಿಂದ ಇಂತಹ ಗುಂಪುಗಳು ಹೊರಡುತ್ತವೆ. ಕೆಲವರು ಖಡಕವಾಸಲಾ ಜಲಾಶಯದ ದಾರಿ ಹಿಡಿದರೆ, ಕೆಲವರು ಕಾತ್ರಜದ ಹಳೆಯ ಘಾಟನ್ನು ಏರುತ್ತಾರೆ. ಅವರಲ್ಲಿ ಕನ್ನಡಿಗರ ಗುಂಪುಗಳೂ ಉಂಟು. ಬೆಳಗಾವಿ, ಧಾರವಾಡ, ವಿಜಯಪುರ, ಬಾಗಲಕೋಟೆಯ ಕಡೆಯವರು ಹೆಚ್ಚು. ಜೊತೆಗೆ ಒಬ್ಬಿಬ್ಬರು ಮಂಗಳೂರಿನವರೋ ಹಾಸನದವರೋ ಇದ್ದಾರು. ವಿಜಯಪುರ, ಬಾಗಲಕೋಟೆಯ ಕಡೆ ಸೈಕಲ್ ಪಟುಗಳಿಗೆ ಹೆಸರಾದ ಸೀಮೆ. ಆ ಕಡೆಯವರು ತಮ್ಮೂರಿನ ಹುಡುಗರು ಗೆದ್ದ ಪಂದ್ಯಗಳ ಮಾತನ್ನು ಎತ್ತದೆ ಘಾಟು ಹತ್ತುವುದೇ ಇಲ್ಲ. ಬ್ಯಾಂಕಿನವರು, ಕಾರ್ಖಾನೆಯ ಮೇಲ್ವಿಚಾರಕರು, ಗಣಕಯಂತ್ರದ ಕಂಪನಿಯ ತರುಣರು, ಶಾಲೆಯ ಶಿಕ್ಷಕರು, ಎಲ್ಲರೂ ಕೂಡಿದ ಗುಂಪು ಅದು. ಕೆಲವು ಗುಂಪುಗಳಲ್ಲಿ ಮಹಿಳೆಯರೂ ಇದ್ದಾರೆ. ಆದರೆ ಬಹುಪಾಲು ಸದಸ್ಯರು ನಲವತ್ತು ದಾಟಿದ ಪುರುಷರು.

"ಏನ್ರೀ ಸಾಹೇಬರ, ಇನ್ನ ಎಷ್ಟ ವರ್ಷ ಉಳದಾವ?" ಎಂದು ಒಬ್ಬರು ಕೇಳುತ್ತಾರೆ. "ಹನ್ನೊಂದು ವರ್ಷ, ನಾಕು ತಿಂಗಳ" ಎಂದು ಉತ್ತರ ಬರುತ್ತದೆ. ಪ್ರಶ್ನೆ ಯಾವುದರ ಕುರಿತದ್ದೆಂದು ಬಿಡಿಸಿ ಹೇಳಬೇಕಾದುದಿಲ್ಲ. ನಲವತ್ತೈದು ದಾಟಿದ ನೌಕರನಿಗೆ ತನ್ನ ನಿವೃತ್ತಿಯ ದಿನ ಮಗಳ ಹುಟ್ಟುಹಬ್ಬಕ್ಕಿಂತ ಚೆನ್ನಾಗಿ ನೆನಪಿರುತ್ತದೆ.

ಘಾಟು ಏರುವಾಗಿನ ಲೆಕ್ಕ

ಸೈಕಲ್ ಸವಾರರ ಹರಟೆಗೆ ಒಂದು ಕ್ರಮವಿದೆ. ಮೊದಲು ಹಿಂದಿನ ದಿನದ ಕ್ರಿಕೆಟ್ಟು, ಆಮೇಲೆ ಮೇಲಧಿಕಾರಿಯ ಕಿರುಕುಳ, ಅದಾದ ಮೇಲೆ ವರ್ಗಾವಣೆ ಅಥವಾ ಕಂಪನಿಯಲ್ಲಿ ಕೆಲಸ ಕಡಿತದ ಸುದ್ದಿ. ಏರು ಆರಂಭವಾಗಿ ಉಸಿರು ಬಿಗಿಯಾದಾಗ ಮಾತು ಚಿಕ್ಕದಾಗಿ, ಹಣದ ಕಡೆಗೆ ಹೊರಳುತ್ತದೆ. ಭವಿಷ್ಯ ನಿಧಿ ಎಷ್ಟಾಯಿತು, ಷೇರುಪೇಟೆಯ ಕಂತು ಎಷ್ಟು ಕಟ್ಟುತ್ತೀರಿ, ಎಷ್ಟು ಕೋಟಿ ಇದ್ದರೆ ನಿಶ್ಚಿಂತೆಯಿಂದ ಮನೆಯಲ್ಲಿ ಕೂರಬಹುದು ಎಂಬ ಚರ್ಚೆ ಇಳಿಜಾರು ಬರುವವರೆಗೂ ನಡೆಯುತ್ತದೆ.

ಈ ಹರಟೆಯನ್ನು ಹಗುರವಾಗಿ ಕಾಣುವುದು ಸರಿಯಲ್ಲ. ಹಣವಂತರ ಸಲಹೆಗಾರರು ಶುಲ್ಕ ಪಡೆದು ಹೇಳುವ ಅನೇಕ ಸಂಗತಿಗಳು ಇಲ್ಲಿ ಒಂದು ಲೋಟ ಚಹದ ಬೆಲೆಗೆ ದೊರೆಯುತ್ತವೆ. ಉದಾಹರಣೆಗೆ, ಬೇಗ ಉಳಿಸಲು ತೊಡಗಬೇಕೆಂಬ ಮಾತು. ಒಬ್ಬನು ತನ್ನ 25ನೆಯ ವಯಸ್ಸಿನಿಂದ 60ರವರೆಗೆ ಪ್ರತಿ ವರ್ಷದ ಕೊನೆಗೆ 60,000 ರೂಪಾಯಿಗಳನ್ನು ಕಟ್ಟುತ್ತಾನೆ. ಇನ್ನೊಬ್ಬನು ಅಷ್ಟೇ ಹಣವನ್ನು 40ರಿಂದ 60ರವರೆಗೆ ಕಟ್ಟುತ್ತಾನೆ ಎಂದು ಭಾವಿಸೋಣ. ಶೇಕಡಾ 8ರ ಚಕ್ರಬಡ್ಡಿಯಲ್ಲಿ ಮೊದಲನೆಯವನಿಗೆ ಸುಮಾರು 1 ಕೋಟಿ 3 ಲಕ್ಷ, ಎರಡನೆಯವನಿಗೆ ಸುಮಾರು 27 ಲಕ್ಷ 46 ಸಾವಿರ ಕೂಡುತ್ತದೆ. ಮೊದಲನೆಯವನು ತನ್ನ ಕೈಯಿಂದ ಕಟ್ಟಿದ್ದು 21 ಲಕ್ಷ, ಎರಡನೆಯವನು 12 ಲಕ್ಷ. ಕಟ್ಟಿದ ಹಣದಲ್ಲಿ ದುಪ್ಪಟ್ಟು ವ್ಯತ್ಯಾಸವೂ ಇಲ್ಲ. ಕೈಗೆ ಬಂದ ಹಣದಲ್ಲಿ ಸುಮಾರು ನಾಲ್ಕು ಪಟ್ಟು ವ್ಯತ್ಯಾಸ. ಹನಿಗೂಡಿದರೆ ಹಳ್ಳವಾಗುವುದು ದಿಟ. ಆದರೆ ಹಳ್ಳ ತುಂಬಲು ಮಳೆಗಾಲದ ಆರಂಭದಲ್ಲಿಯೇ ಹನಿ ಬೀಳಬೇಕು.

72ರ ಸೂತ್ರವನ್ನೂ ಘಾಟಿನ ಮೇಲೆಯೇ ಕಲಿತವರಿದ್ದಾರೆ. 72ನ್ನು ಬಡ್ಡಿಯ ದರದಿಂದ ಭಾಗಿಸಿದರೆ ಹಣ ಇಮ್ಮಡಿಯಾಗಲು ಬೇಕಾದ ವರ್ಷಗಳು ಸುಮಾರಾಗಿ ದೊರೆಯುತ್ತವೆ. ಶೇಕಡಾ 8ಕ್ಕೆ ಒಂಬತ್ತು ವರ್ಷ. ಬೆಲೆಯೇರಿಕೆಗೂ ಇದೇ ಸೂತ್ರ ಅನ್ವಯಿಸುತ್ತದೆ ಎಂಬುದನ್ನು ಮಾತ್ರ ಜನ ಮರೆಯುತ್ತಾರೆ. ಬೆಲೆಗಳು ವರ್ಷಕ್ಕೆ ಶೇಕಡಾ 6ರಂತೆ ಏರಿದರೆ ಹನ್ನೆರಡು ವರ್ಷಗಳಲ್ಲಿ ಮನೆಯ ಖರ್ಚು ಇಮ್ಮಡಿ. ಇಂದು 48 ವರ್ಷದವನ ಸಂಸಾರಕ್ಕೆ ತಿಂಗಳಿಗೆ 50,000 ರೂಪಾಯಿ ಬೇಕಾದರೆ, ಅವನ 60ನೆಯ ವಯಸ್ಸಿಗೆ ಒಂದು ಲಕ್ಷ, 72ನೆಯ ವಯಸ್ಸಿಗೆ ಎರಡು ಲಕ್ಷ ಬೇಕಾಗುತ್ತದೆ. ನಿಶ್ಚಿತ ಠೇವಣಿಯ ಬಡ್ಡಿಯೊಂದನ್ನೇ ನೆಚ್ಚಿ ಕುಳಿತವರು ಈ ಲೆಕ್ಕವನ್ನು ಒಮ್ಮೆಯಾದರೂ ಹಾಕಬೇಕು.

ನೌಕರಿ ಬದಲಿಸಿದಾಗಲೆಲ್ಲ ಭವಿಷ್ಯ ನಿಧಿಯನ್ನು ಬರಿದು ಮಾಡುವ ತರುಣರಿಗೆ ಹಿರಿಯರು ನೀಡುವ ಎಚ್ಚರಿಕೆಯೂ ಬೆಲೆಯುಳ್ಳದ್ದು. 1952ರ ಕಾಯಿದೆಯಿಂದ ರೂಪುಗೊಂಡ ಈ ನಿಧಿಯಲ್ಲಿ ನೌಕರನ ವೇತನದ ಶೇಕಡಾ 12ರಷ್ಟು ಸೇರುತ್ತದೆ. ಮಾಲಿಕರು ನೀಡುವ ಶೇಕಡಾ 12ರಲ್ಲಿ 8.33 ಭಾಗ 1995ರ ಪಿಂಚಣಿ ಯೋಜನೆಗೆ ಹೋಗುತ್ತದೆ. 2014ರಿಂದ ಪ್ರತಿ ಸದಸ್ಯನಿಗೆ ಒಂದೇ ಸ್ಥಿರ ಸಂಖ್ಯೆ ದೊರೆತಿರುವುದರಿಂದ ಹಳೆಯ ಖಾತೆಯನ್ನು ಹೊಸ ಸಂಸ್ಥೆಗೆ ಒಯ್ಯುವುದು ಮೊದಲಿನಷ್ಟು ತೊಡಕಿನದಲ್ಲ. ಸಾರ್ವಜನಿಕ ಭವಿಷ್ಯ ನಿಧಿಯಾದರೆ 1968ರಿಂದ ನಡೆದುಬಂದದ್ದು. ವರ್ಷದ ಆರಂಭದಲ್ಲಿಯೇ ಒಂದೂವರೆ ಲಕ್ಷದಂತೆ ಹದಿನೈದು ವರ್ಷ ಕಟ್ಟಿದವನಿಗೆ ಶೇಕಡಾ 7.1ರ ದರದಲ್ಲಿ ಸುಮಾರು 40 ಲಕ್ಷ 68 ಸಾವಿರ ಸಿಗುತ್ತದೆ. ಇಂತಹ ಅಂಕಿಗಳನ್ನು ಬಾಯಿಪಾಠ ಒಪ್ಪಿಸುವ ಸವಾರರು ಒಂದೊಂದು ಗುಂಪಿನಲ್ಲಿಯೂ ಇರುತ್ತಾರೆ.

ದೇಹವೆಂಬ ಖಾತೆ

ಹಣದ ಲೆಕ್ಕದ ಜೊತೆಗೆ ದೇಹದ ಲೆಕ್ಕವೂ ನಡೆಯುವುದು ಈ ಗುಂಪುಗಳ ವೈಶಿಷ್ಟ್ಯ. ಕುಳಿತು ದುಡಿಯುವವನ ಹೃದಯಕ್ಕೆ ಅಪಾಯ ಹೆಚ್ಚು ಎಂಬ ತಿಳಿವಳಿಕೆ ಹೊಸದಲ್ಲ. 1953ರಲ್ಲಿ ವೈದ್ಯ ಜೆರೆಮಿ ಮಾರಿಸ್ ಮತ್ತು ಅವರ ಸಂಗಡಿಗರು ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ಸಿಬ್ಬಂದಿಯನ್ನು ಕುರಿತ ಅಧ್ಯಯನವನ್ನು ಪ್ರಕಟಿಸಿದರು. ದಿನವಿಡೀ ಕುಳಿತಿರುವ ಚಾಲಕರಿಗಿಂತ, ಮೆಟ್ಟಿಲು ಹತ್ತಿಳಿಯುವ ನಿರ್ವಾಹಕರಲ್ಲಿ ಹೃದಯದ ರಕ್ತನಾಳಗಳ ರೋಗ ಕಡಿಮೆಯಿದ್ದುದನ್ನು ಅವರು ಕಂಡರು. 2000ದಲ್ಲಿ ಪ್ರಕಟವಾದ ಕೋಪನ್‌ಹೇಗನ್ನಿನ ಅಧ್ಯಯನವೊಂದರಲ್ಲಿ, ಕೆಲಸಕ್ಕೆ ಸೈಕಲ್ಲಿನಲ್ಲಿ ಹೋಗುವವರಲ್ಲಿ ಮರಣದ ಪ್ರಮಾಣ ಇತರರಿಗಿಂತ ಸುಮಾರು ಶೇಕಡಾ 40ರಷ್ಟು ಕಡಿಮೆಯಿದ್ದುದು ಕಂಡುಬಂದಿತು. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ನೀಡಿದ ಸಲಹೆಯಂತೆ ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಪ್ರಮಾಣದ, ಅಥವಾ 75ರಿಂದ 150 ನಿಮಿಷ ತೀವ್ರ ಪ್ರಮಾಣದ ವ್ಯಾಯಾಮ ಮಾಡಬೇಕು. ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ವಾರಕ್ಕೆ ಎರಡು ದಿನವಾದರೂ ಇರಬೇಕು.

ಈ ಎರಡನೆಯ ಮಾತನ್ನು ಸವಾರರು ಸಾಮಾನ್ಯವಾಗಿ ಕಡೆಗಣಿಸುತ್ತಾರೆ. ಸೈಕಲ್ಲು ಮಂಡಿಯ ಕೀಲುಗಳಿಗೆ ಹಿತವಾದುದು ನಿಜ. ಆದರೆ ದೇಹದ ಭಾರವನ್ನು ಸೀಟು ಹೊರುವುದರಿಂದ ಎಲುಬುಗಳಿಗೆ ಬೇಕಾದ ಒತ್ತಡ ಅದರಿಂದ ದೊರೆಯುವುದಿಲ್ಲ. ಎಲುಬು ಗಟ್ಟಿಯಾಗಿರಬೇಕಾದರೆ ನಡೆಯಬೇಕು, ಮೆಟ್ಟಿಲು ಹತ್ತಬೇಕು, ಒಂದಿಷ್ಟು ಭಾರ ಎತ್ತಬೇಕು. ಭಾನುವಾರ ಅರುವತ್ತು ಕಿಲೋಮೀಟರು ತುಳಿದು, ಉಳಿದ ಆರು ದಿನ ಕುರ್ಚಿಗೆ ಅಂಟಿಕೊಳ್ಳುವವನು ಪೂರ್ತಿ ಲಾಭ ಪಡೆದನೆಂದು ಹೇಳಲಾಗದು.

ವಯಸ್ಸಾಯಿತೆಂದು ಕೈಚೆಲ್ಲುವವರಿಗೆ ಗುಂಪಿನ ತರುಣರು ಫ್ರಾನ್ಸಿನ ರಾಬರ್ಟ್ ಮಾರ್ಶಾನನ ಹೆಸರು ಹೇಳುತ್ತಾರೆ. 1911ರಲ್ಲಿ ಜನಿಸಿದ ಈತನು 2012ರಲ್ಲಿ, ತನ್ನ ನೂರನೆಯ ವಯಸ್ಸಿನಲ್ಲಿ, ಒಂದು ಗಂಟೆಯಲ್ಲಿ 24.25 ಕಿಲೋಮೀಟರು ತುಳಿದನು. 2014ರಲ್ಲಿ, 102ನೆಯ ವಯಸ್ಸಿನಲ್ಲಿ, ಅದನ್ನು 26.927ಕ್ಕೆ ಏರಿಸಿದನು. 2017ರ ಜನವರಿಯಲ್ಲಿ, 105 ತುಂಬಿದ ಮೇಲೆ, 22.547 ಕಿಲೋಮೀಟರು ಕ್ರಮಿಸಿ ಆ ವಯೋಮಾನದವರ ದಾಖಲೆ ಸ್ಥಾಪಿಸಿದನು. 2021ರಲ್ಲಿ ತೀರಿಕೊಂಡಾಗ ಅವನಿಗೆ 109 ವರ್ಷ. ಎಲ್ಲರೂ ಮಾರ್ಶಾನರಾಗುವುದು ಅಸಾಧ್ಯ. ಆದರೆ ನಿವೃತ್ತಿಯಾದ ಮೇಲೂ ಮೂವತ್ತು ವರ್ಷ ಬದುಕಬೇಕಾದೀತು, ಅದಕ್ಕೆ ಹಣವೂ ಬೇಕು, ಕಾಲಿನಲ್ಲಿ ಬಲವೂ ಬೇಕು ಎಂಬ ಅರಿವು ಈ ಮಾತಿನಿಂದ ಮೂಡುತ್ತದೆ.

ಇಷ್ಟೆಲ್ಲ ತಿಳಿದವರು ಮಾಡುವ ಒಂದು ತಪ್ಪು ಮಾತ್ರ ಕ್ಷಮೆಗೆ ಅರ್ಹವಲ್ಲ. ಏರಿನಲ್ಲಿ ಎದೆ ಬಿಗಿದಂತಾಯಿತು ಎಂದು ಒಬ್ಬನು ಚಹದಂಗಡಿಯಲ್ಲಿ ನಗುತ್ತ ಹೇಳುತ್ತಾನೆ. "ಗ್ಯಾಸ್ ಆಗಿರಬೇಕು ಬಿಡ್ರಿ" ಎಂದು ಇನ್ನೊಬ್ಬನು ಅಷ್ಟೇ ಸರಾಗವಾಗಿ ಚಿಕಿತ್ಸೆ ನೀಡುತ್ತಾನೆ. ಶ್ರಮದಿಂದ ಎದೆಯಲ್ಲಿ ಬಿಗಿತ, ತೋಳಿಗೋ ದವಡೆಗೋ ಹರಡುವ ನೋವು, ಎಂದಿಗಿಂತ ಹೆಚ್ಚಿನ ಏದುಸಿರು, ತಣ್ಣನೆಯ ಬೆವರು ಕಾಣಿಸಿದರೆ ತಕ್ಷಣ ಸೈಕಲ್ಲಿನಿಂದಿಳಿಯಬೇಕು. ತಡಮಾಡದೆ ಆಸ್ಪತ್ರೆಯನ್ನು ಸೇರಬೇಕು. ಬಿಗಿತ ತಾನಾಗಿ ಇಳಿದರೂ ವೈದ್ಯರನ್ನು ಕಾಣುವುದು ತಪ್ಪಬಾರದು. ನಲವತ್ತು ದಾಟಿ ಹೊಸದಾಗಿ ಕಠಿಣ ಸವಾರಿ ತೊಡಗುವವರು ಮೊದಲೇ ರಕ್ತದೊತ್ತಡ, ಸಕ್ಕರೆ, ಹೃದಯದ ತಪಾಸಣೆ ಮಾಡಿಸಿಕೊಳ್ಳುವುದು ಲೇಸು. ಸೋಜಿಗದ ಸಂಗತಿಯೆಂದರೆ, ಆ ಬಿಗಿತದ ಸುದ್ದಿ ಆರೇಳು ಮಂದಿ ಗೆಳೆಯರಿಗೆ ತಿಳಿದಿರುತ್ತದೆ, ಮನೆಯಲ್ಲಿ ಕಾದಿರುವ ಹೆಂಡತಿಗೆ ತಿಳಿದಿರುವುದಿಲ್ಲ. ಹೇಳಿದರೆ ಮುಂದಿನ ವಾರ ಸೈಕಲ್ಲಿಗೆ ಬೀಗ ಬೀಳುವುದೆಂಬ ಭಯ!

ಪೆಟ್ಟಿಗೆಯಿಂದ ಫೋನಿಗೆ

ಹಣದ ವಿಷಯದಲ್ಲಿಯೂ ಇದೇ ಕಥೆ. ಭವಿಷ್ಯ ನಿಧಿಯಲ್ಲಿ ಎಷ್ಟಿದೆ ಎಂಬುದು ಘಾಟಿನ ಗೆಳೆಯರಿಗೆ ಗೊತ್ತು; ಮನೆಯಾಕೆಗೆ ಗೊತ್ತಿಲ್ಲ. ಯಾವ ಬ್ಯಾಂಕಿನ ಷೇರು ಕೊಂಡು ಸೋತೆ ಎಂಬುದನ್ನು ಸೀಟಿನ ಮೇಲೆ ಕುಳಿತು ಧೈರ್ಯವಾಗಿ ಹೇಳುವವನು ಊಟಕ್ಕೆ ಕುಳಿತಾಗ ಆ ಮಾತೆತ್ತುವುದಿಲ್ಲ.

ಹಿಂದಿನ ತಲೆಮಾರಿನವರು ಹೆಂಡಿರೊಡನೆ ಹಣದ ಮಾತು ಆಡುತ್ತಿದ್ದರೆಂದು ಹೇಳಲಾಗದು. ಆದರೆ ಆ ಕಾಲದಲ್ಲಿ ಮನೆಯಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ ಇರುತ್ತಿತ್ತು. ಅದರಲ್ಲಿ ಅಂಚೆ ಕಚೇರಿಯ ಪಾಸ್‌ಬುಕ್ಕು, ಜೀವವಿಮೆಯ ಪತ್ರ, ರಾಷ್ಟ್ರೀಯ ಉಳಿತಾಯ ಪತ್ರಗಳು, ಹೊಲದ ಉತಾರ, ಎಲ್ಲವೂ ಒಂದು ಹಳೆಯ ಬಟ್ಟೆಯಲ್ಲಿ ಸುತ್ತಿಟ್ಟಿರುತ್ತಿದ್ದವು. ಓದು ಬಾರದ ಗೃಹಿಣಿಗೂ ಆ ಪೆಟ್ಟಿಗೆ ಎಲ್ಲಿದೆ, ಅದರ ಕೀಲಿ ಎಲ್ಲಿದೆ ಎಂಬುದು ತಿಳಿದಿತ್ತು. ಆಪತ್ತು ಬಂದಾಗ ಅಣ್ಣನನ್ನೋ ಮೈದುನನನ್ನೋ ಕರೆದು ಪೆಟ್ಟಿಗೆ ತೆಗೆಸಿದರೆ ಸಂಸಾರದ ಆಸ್ತಿಯೆಲ್ಲ ಕಣ್ಣೆದುರು ಬರುತ್ತಿತ್ತು.

ಇಂದು ಆ ಪೆಟ್ಟಿಗೆ ಮಾಯವಾಗಿದೆ. ಠೇವಣಿಗೆ ರಸೀದಿಯಿಲ್ಲ, ಷೇರಿಗೆ ಕಾಗದವಿಲ್ಲ, ವಿಮೆಯ ಪತ್ರ ಮಿಂಚಂಚೆಯಲ್ಲಿ ಬರುತ್ತದೆ. ಎಲ್ಲವೂ ಫೋನಿನೊಳಗೆ ಸೇರಿವೆ. ಆ ಫೋನಿನ ಕೀಲಿ ಯಜಮಾನನ ಹೆಬ್ಬೆರಳು. ಅವನು ಒಂದು ಬೆಳಿಗ್ಗೆ ಏಳದೆ ಹೋದರೆ ಪದವೀಧರೆಯಾದ ಹೆಂಡತಿಯೂ ಆ ಪೆಟ್ಟಿಗೆಯನ್ನು ತೆಗೆಯಲಾರಳು. ಕಾಗದವಿಲ್ಲದ ಈ ಕಾಲವು ಹಣದ ವ್ಯವಹಾರವನ್ನು ಸುಲಭ ಮಾಡಿತು, ವಾರಸುದಾರರ ಪಾಡನ್ನು ಕಠಿಣ ಮಾಡಿತು.

ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತವರಿಗೆ ಇದರ ಪರಿಣಾಮ ಚಿರಪರಿಚಿತ. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು ಮಗನೊಡನೆ ಬಂದು, "ನಮ್ಮ ಯಜಮಾನ್ರದು ಇಲ್ಲಿ ಏನರ ಖಾತೆ ಅದ ಏನ್ರಿ?" ಎಂದು ಕೇಳುತ್ತಾಳೆ. ಎಷ್ಟಿದೆ ಎಂಬ ಪ್ರಶ್ನೆ ಅನಂತರದ್ದು. ಇದೆಯೋ ಇಲ್ಲವೋ ಎಂಬುದೇ ಅವಳಿಗೆ ತಿಳಿಯದು. ಖಾತೆ ಇದ್ದರೂ ನಾಮನಿರ್ದೇಶನವಿಲ್ಲದಿದ್ದರೆ ವಾರಸಾ ಪತ್ರ, ಪ್ರಮಾಣಪತ್ರ, ಜಾಮೀನು ಎಂದು ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ. ಪರಭಾಷೆಯ ನಗರದಲ್ಲಿ, ಬಂಧುಬಳಗ ದೂರದಲ್ಲಿರುವಾಗ, ಈ ಅಲೆದಾಟ ಎಷ್ಟು ದಾರುಣವೆಂಬುದನ್ನು ಹೊರನಾಡಿನ ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ.

ಹತ್ತು ವರ್ಷ ಯಾರೂ ಕೇಳದೆ ಉಳಿದ ಠೇವಣಿ 2014ರಲ್ಲಿ ರಿಸರ್ವ್ ಬ್ಯಾಂಕು ಸ್ಥಾಪಿಸಿದ ಪ್ರತ್ಯೇಕ ನಿಧಿಗೆ ವರ್ಗವಾಗುತ್ತದೆ. ವಾರಸುದಾರರು ಆಮೇಲೂ ಬ್ಯಾಂಕಿನ ಮೂಲಕ ಅದನ್ನು ಪಡೆಯಬಹುದು. ಹಲವು ಬ್ಯಾಂಕುಗಳ ಇಂತಹ ಠೇವಣಿಗಳನ್ನು ಒಂದೆಡೆ ಹುಡುಕಲು 2023ರ ಆಗಸ್ಟಿನಲ್ಲಿ 'ಉದ್ಗಮ್' ಎಂಬ ವ್ಯವಸ್ಥೆಯನ್ನೂ ರಿಸರ್ವ್ ಬ್ಯಾಂಕು ಆರಂಭಿಸಿತು. ಹುಡುಕುವ ವ್ಯವಸ್ಥೆಯನ್ನೇ ಕಟ್ಟಬೇಕಾಗಿ ಬಂದುದು ಮನೆಗಳಲ್ಲಿ ಆಡದೆ ಉಳಿದ ಮಾತು ಎಷ್ಟೆಂಬುದಕ್ಕೆ ಸಾಕ್ಷಿ.

ಭವಿಷ್ಯ ನಿಧಿಯ ಸದಸ್ಯನು ಸೇವೆಯಲ್ಲಿರುವಾಗಲೇ ಮೃತನಾದರೆ ನಿಧಿಯ ಹಣವಲ್ಲದೆ, 1976ರಲ್ಲಿ ಜಾರಿಗೆ ಬಂದ ಠೇವಣಿ ಸಂಬದ್ಧ ವಿಮೆಯೂ ಕುಟುಂಬಕ್ಕೆ ಸಲ್ಲುತ್ತದೆ. 2021ರಲ್ಲಿ ಇದರ ಗರಿಷ್ಠ ಮೊತ್ತವನ್ನು 7 ಲಕ್ಷ ರೂಪಾಯಿಗೆ ಏರಿಸಲಾಯಿತು. 1995ರ ಯೋಜನೆಯ ಸದಸ್ಯನ ಪತ್ನಿಗೆ ಪಿಂಚಣಿಯೂ ಉಂಟು. ಇದಕ್ಕಾಗಿ ನೌಕರನು ಬೇರೆ ಕಂತು ಕಟ್ಟಬೇಕಾಗಿಲ್ಲ. ಆದ್ದರಿಂದಲೇ ಅದರ ನೆನಪೂ ಅವನಿಗಿರುವುದಿಲ್ಲ. ಅವನಿಗೇ ನೆನಪಿಲ್ಲದ ಹಕ್ಕನ್ನು ಹೆಂಡತಿ ಎಲ್ಲಿಂದ ಕೇಳಿಯಾಳು?

ಮಾತನಾಡದಿರಲು ಕಾರಣಗಳು ಹಲವು. ಸಾವಿನ ಮಾತು ಅಪಶಕುನವೆಂಬ ಭಾವನೆ ಒಂದು. ಹಣವಿದೆಯೆಂದು ತಿಳಿದರೆ ಖರ್ಚು ಹೆಚ್ಚೀತೆಂಬ ಶಂಕೆ ಇನ್ನೊಂದು. ತಮ್ಮನಿಗೋ ಗೆಳೆಯನಿಗೋ ಕೊಟ್ಟ ಸಾಲ ಬಯಲಾದೀತೆಂಬ ಅಳುಕು ಮತ್ತೊಂದು. "ಅವಳಿಗೆ ಇದೆಲ್ಲ ತಿಳಿಯುವುದಿಲ್ಲ" ಎಂಬ ಮಾತಂತೂ ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುತ್ತದೆ. ಎಲ್ಲಕ್ಕಿಂತ ಕಡಿಮೆ ನಿಜವಾದುದೂ ಅದೇ. ಓಣಿಯ ಹೆಂಗಸರೊಡನೆ ಭಿಶಿ ನಡೆಸಿ, ಯಾರ ಕಂತು ಬಂತು, ಯಾರ ಸರದಿ ಮುಂದಿನದು ಎಂಬುದನ್ನು ಕಾಗದದ ನೆರವಿಲ್ಲದೆ ಹೇಳಬಲ್ಲವಳು ಅವಳೇ. ಬೇಳೆಯ ಡಬ್ಬಿಯಲ್ಲಿ ಉಳಿಸಿದ ಹಣದಿಂದ ಮಗನ ಶಾಲೆಯ ಶುಲ್ಕ ತುಂಬಿದವಳೂ ಅವಳೇ. ತಿಳಿಯದೆಂದು ಹೇಳುವ ಮುನ್ನ ತಿಳಿಸಿ ನೋಡಬೇಕು. ಇನ್ನು ಹೆಂಡತಿಯೂ ದುಡಿಯುವ ಮನೆಗಳಲ್ಲಿ ಮೌನ ಎರಡೂ ಕಡೆಯಿಂದ ಇರುವುದುಂಟು. ಆಕೆಯ ಭವಿಷ್ಯ ನಿಧಿಯ ಸಂಖ್ಯೆ ಗಂಡನಿಗೆ ಗೊತ್ತಿರುವುದಿಲ್ಲ.

ಊರಿನ ಮನೆಯ ಪ್ರಶ್ನೆ

ಹೊರನಾಡಿನಲ್ಲಿರುವವರ ನಿವೃತ್ತಿಯ ಮಾತಿನಲ್ಲಿ ಇತರರಿಗಿಲ್ಲದ ಒಂದು ಅಧ್ಯಾಯ ಇದೆ. ಅದು ಊರಿನ ಮನೆ. ಧಾರವಾಡದಲ್ಲಿ ನಿವೇಶನ ಕೊಂಡಾಯಿತು, ವಿಜಯಪುರದಲ್ಲಿ ಮನೆ ಕಟ್ಟಿಯಾಯಿತು, ನಿವೃತ್ತಿಯಾದ ಮರುದಿನವೇ ಅಲ್ಲಿಗೆ ಹೋಗಿ ನೆಲೆಸುವುದು ಎಂದು ಸವಾರರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಉಳಿತಾಯದ ದೊಡ್ಡ ಭಾಗ ಅಲ್ಲಿ ಇಟ್ಟಿಗೆ ಸಿಮೆಂಟಾಗಿ ನಿಂತಿರುತ್ತದೆ. ವರ್ಷಕ್ಕೆ ಹತ್ತು ದಿನ ಮಾತ್ರ ಬೀಗ ತೆಗೆಯುವ ಆ ಮನೆಗೆ ತೆರಿಗೆ, ದುರಸ್ತಿ, ಕಾವಲು ಎಲ್ಲವೂ ತಪ್ಪದು.

ಊರಿನ ಸೆಳೆತ ತಪ್ಪೆಂದು ಯಾರೂ ಹೇಳಲಾರರು. ಆದರೆ ಇಪ್ಪತ್ತೈದು ವರ್ಷ ಪುಣೆಯಲ್ಲಿ ಸಂಸಾರ ನಡೆಸಿದ ಗೃಹಿಣಿಗೆ ನೆರೆಹೊರೆ, ಗೆಳತಿಯರು, ಪರಿಚಿತ ವೈದ್ಯರು ಇರುವುದು ಇಲ್ಲಿಯೇ. ಮಕ್ಕಳ ಶಾಲೆ ಕಾಲೇಜು, ಮಾತುಕತೆ, ಮುಂದೆ ಅವರ ಸಂಸಾರ ಕೂಡ ಇಲ್ಲಿಯದೇ. ಅರುವತ್ತರ ಅನಂತರ ಎಲ್ಲಿರಬೇಕೆಂದು ಅವಳನ್ನು ಒಮ್ಮೆಯಾದರೂ ಕೇಳಿದವರು ಎಷ್ಟು ಮಂದಿ? ನಿವೃತ್ತಿಯೆಂಬುದು ಗಂಡನಿಗೆ ಕಚೇರಿಯಿಂದ ಬಿಡುಗಡೆ. ಅಡುಗೆಮನೆಯಿಂದ ಅವಳಿಗೆ ಅಂತಹ ಬಿಡುಗಡೆಯ ದಿನಾಂಕ ಯಾರೂ ಗೊತ್ತುಮಾಡಿಲ್ಲ. ಭಾನುವಾರ ಗಂಡನು ಎಲುಬು ಸ್ನಾಯುಗಳ ವಿಚಾರ ಚರ್ಚಿಸುತ್ತ ಘಾಟು ಏರುವಾಗ, ಅವಳು ಮಂಡಿನೋವಿನಲ್ಲಿಯೇ ಅವಲಕ್ಕಿ ಒಗ್ಗರಣೆ ಹಾಕುತ್ತಿರುತ್ತಾಳೆ. ದೇಹವನ್ನು ಕಾಪಾಡಿಕೊಳ್ಳುವ ಉಪದೇಶ ಅವಳಿಗೂ ಸಲ್ಲಬೇಕಲ್ಲವೇ?

ವೈದ್ಯಕೀಯ ವಿಮೆಯ ಪ್ರಶ್ನೆಯೂ ಇದರೊಡನೆ ಹೆಣೆದುಕೊಂಡಿದೆ. ಅನೇಕ ಸಂಸ್ಥೆಗಳಲ್ಲಿ ಕಚೇರಿಯ ವಿಮೆ ಕೆಲಸದ ಕೊನೆಯ ದಿನಕ್ಕೇ ಮುಗಿಯುತ್ತದೆ. ಸ್ವಂತ ವಿಮೆ ಕೊಂಡರೆ ಮೊದಲೇ ಇರುವ ರೋಗಗಳಿಗೆ ಕಾಯುವ ಅವಧಿ ಉಂಟು. 2024ರ ನಿಯಮಗಳು ಅದನ್ನು ಗರಿಷ್ಠ 48 ತಿಂಗಳಿಂದ 36 ತಿಂಗಳಿಗೆ ಇಳಿಸಿದವು. ಆದ್ದರಿಂದ ನಿವೃತ್ತಿಗೆ ಮೂರು ನಾಲ್ಕು ವರ್ಷ ಮೊದಲೇ, ಗಂಡಹೆಂಡಿರಿಬ್ಬರ ಹೆಸರಿನಲ್ಲಿಯೂ, ವಿಮೆ ಮಾಡಿಸುವುದು ವಿವೇಕ. ಸಕ್ಕರೆ ರೋಗವನ್ನೋ ರಕ್ತದೊತ್ತಡವನ್ನೋ ಬಚ್ಚಿಟ್ಟು ವಿಮೆ ಪಡೆದರೆ ಆಸ್ಪತ್ರೆಯ ಬಿಲ್ಲು ಬಂದ ದಿನ ತೊಂದರೆ ತಪ್ಪದು. 2024ರ ಅಕ್ಟೋಬರಿನಿಂದ 70 ವರ್ಷ ದಾಟಿದವರಿಗೆ ಆದಾಯದ ಮಿತಿಯಿಲ್ಲದೆ ಆಯುಷ್ಮಾನ್ ಭಾರತ ಯೋಜನೆಯಡಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಗೆ ಅವಕಾಶವಾಗಿದೆ. ಆದರೆ 60ರಿಂದ 70ರ ನಡುವಿನ ಹತ್ತು ವರ್ಷಗಳ ಹೊಣೆ ಅವರವರದೇ.

ಮಾಡಬೇಕಾದುದು

ಪರಿಹಾರ ದೊಡ್ಡದೇನಲ್ಲ. ಒಂದು ನೋಟುಬುಕ್ಕು ಸಾಕು. ಯಾವ ಬ್ಯಾಂಕಿನ ಯಾವ ಶಾಖೆಯಲ್ಲಿ ಯಾವ ಖಾತೆ, ಭವಿಷ್ಯ ನಿಧಿಯ ಸಂಖ್ಯೆ, ವಿಮೆಯ ಪತ್ರಗಳು, ಷೇರು ಮತ್ತು ಮ್ಯೂಚುಯಲ್ ಫಂಡುಗಳ ವಿವರ, ಲಾಕರಿನ ಕೀಲಿ, ತೆಗೆದುಕೊಂಡ ಸಾಲ, ಕೊಟ್ಟ ಸಾಲ, ಇಷ್ಟನ್ನು ಕೈಬರಹದಲ್ಲಿ, ಇಬ್ಬರಿಗೂ ತಿಳಿಯುವ ಭಾಷೆಯಲ್ಲಿ ಬರೆದಿಡಬೇಕು. ಗುಪ್ತ ಸಂಖ್ಯೆಗಳನ್ನು ಅದರಲ್ಲಿ ಬರೆಯಬೇಕಾದುದಿಲ್ಲ. ಏನು ಎಲ್ಲಿದೆ ಎಂಬುದು ತಿಳಿದರೆ ಉಳಿದುದನ್ನು ಕಾನೂನಿನ ದಾರಿಯಲ್ಲಿ ಪಡೆಯಬಹುದು.

ಠೇವಣಿಗಳನ್ನು ಜಂಟಿ ಹೆಸರಿನಲ್ಲಿ, "ಇಬ್ಬರಲ್ಲಿ ಒಬ್ಬರು ಅಥವಾ ಉಳಿದವರು" ಎಂಬ ಒಕ್ಕಣೆಯೊಡನೆ ಇಡುವುದು ಒಳ್ಳೆಯದು. ಪ್ರತಿ ಖಾತೆಗೂ ನಾಮನಿರ್ದೇಶನ ಇರಬೇಕು. 2025ರ ನವೆಂಬರ್ 1ರಿಂದ ಬ್ಯಾಂಕಿನ ಠೇವಣಿಗೆ ನಾಲ್ವರವರೆಗೆ ಹೆಸರಿಸಲು ಅವಕಾಶ ದೊರೆತಿದೆ. ಹೆಸರಿಸಲ್ಪಟ್ಟವರು ಹಣವನ್ನು ವಾರಸುದಾರರ ಪರವಾಗಿ ಪಡೆಯುವವರೇ ಹೊರತು ಅಷ್ಟರಿಂದಲೇ ಒಡೆಯರಾಗುವುದಿಲ್ಲ. ಆದ್ದರಿಂದ ಮರಣಪತ್ರವನ್ನೂ ಬರೆದಿಡುವುದು ಕ್ಷೇಮ. ಇಪ್ಪತ್ಮೂರನೆಯ ವಯಸ್ಸಿನಲ್ಲಿ ನೌಕರಿಗೆ ಸೇರಿದಾಗ ತುಂಬಿದ ಭವಿಷ್ಯ ನಿಧಿಯ ಫಾರಂ ಅನೇಕರಿಗೆ ಮರೆತೇಹೋಗಿರುತ್ತದೆ. ಅವಿವಾಹಿತನಾಗಿದ್ದಾಗ ಬರೆದ ಹೆಸರನ್ನು ಮದುವೆಯ ಅನಂತರ ಹೊಸದಾಗಿ ಬರೆದುಕೊಡಬೇಕು. ಇದೊಂದನ್ನು ಈ ವಾರವೇ ಪರಿಶೀಲಿಸಿದರೆ ಈ ಲೇಖನ ಓದಿದ ಶ್ರಮ ಸಾರ್ಥಕ.

ಕನ್ನಡ ಸಂಘಗಳೂ ಇಲ್ಲಿ ಒಂದು ಕೆಲಸ ಮಾಡಬಹುದು. ಗಣೇಶೋತ್ಸವ, ರಾಜ್ಯೋತ್ಸವಗಳಿಗೆ ಸಭಾಂಗಣ ತುಂಬುತ್ತದೆ. ವರ್ಷದಲ್ಲಿ ಒಂದು ಭಾನುವಾರ ಅದೇ ಸಭಾಂಗಣದಲ್ಲಿ ದಂಪತಿಗಳನ್ನು ಜೊತೆಯಾಗಿ ಕರೆದು, ನಾಮನಿರ್ದೇಶನ, ವಿಮೆ, ಪಿಂಚಣಿಗಳನ್ನು ಕನ್ನಡದಲ್ಲಿ ತಿಳಿಸಿಕೊಡುವ ಕಾರ್ಯಕ್ರಮ ಏರ್ಪಡಿಸಿದರೆ, ಒಬ್ಬ ಬ್ಯಾಂಕಿನವರು, ಒಬ್ಬ ವಕೀಲರು, ಒಬ್ಬ ವೈದ್ಯರು ಸಾಕು. ಖರ್ಚು ಚಹ ಉಪಾಹಾರದ್ದು ಮಾತ್ರ. ಗಂಡಸರಿಗಷ್ಟೇ ಆಹ್ವಾನ ಕಳುಹಿಸಿದರೆ ಮಾತ್ರ ಅದು ಇನ್ನೊಂದು ಸೈಕಲ್ ಗುಂಪಾದೀತು, ಅಷ್ಟೇ.

ಗೆಳೆಯರ ಹರಟೆ ನಿಲ್ಲಬೇಕೆಂದು ಇದರ ಅರ್ಥವಲ್ಲ. ಘಾಟು ಏರುವಾಗ ಜೊತೆಗಾರನ ಉಸಿರಿನ ಸದ್ದು ಕೇಳುತ್ತಿದ್ದರೆ ತುಳಿಯಲು ಹುರುಪು ಬರುತ್ತದೆ. ಕೆಲಸದ ಬೇಸರ, ಮುಪ್ಪಿನ ಅಂಜಿಕೆ ಹೇಳಿಕೊಂಡಷ್ಟು ಹಗುರವಾಗುತ್ತವೆ. ಆದರೆ ಆ ಗೆಳೆಯರು ಬೆಳಗಿನ ಮೂರು ಗಂಟೆಯ ಒಡನಾಡಿಗಳು. ನಿವೃತ್ತಿಯ ಮೂವತ್ತು ವರ್ಷಗಳ ಒಡನಾಡಿ ಬೇರೆಯೇ ಇದ್ದಾಳೆ.

ಕಾತ್ರಜದ ಘಾಟು ದಾಟಿದರೆ ರಸ್ತೆ ಹೆದ್ದಾರಿಯನ್ನು ಕೂಡಿ ಸಾತಾರಾ, ಕೊಲ್ಲಾಪುರಗಳ ದಿಕ್ಕಿನಲ್ಲಿ ಸಾಗಿ ನಿಪ್ಪಾಣಿಯ ಬಳಿ ಕರ್ನಾಟಕವನ್ನು ಸೇರುತ್ತದೆ. ಸವಾರರು ಚಹ ಕುಡಿದು, ಊರಿನ ಕಡೆಗೆ ಹೋಗುವ ಆ ದಾರಿಯನ್ನು ಒಂದು ಗಳಿಗೆ ನೋಡಿ, ಸೈಕಲ್ಲನ್ನು ಪುಣೆಯ ಕಡೆಗೆ ತಿರುಗಿಸುತ್ತಾರೆ. ಒಂಬತ್ತು ಗಂಟೆಗೆ ಮನೆ ಸೇರುತ್ತಾರೆ. "ಏನ್ರೀ, ಇವತ್ತ ಭಾಳ ಹೊತ್ತಾತಲ್ಲ, ಏನ್ ಮಾತಾಡಿದ್ರಿ ಅಷ್ಟೊತ್ತು?" ಎಂದು ಹೆಂಡತಿ ಕೇಳುತ್ತಾಳೆ. "ಏನಿಲ್ಲ" ಎಂಬುದು ರೂಢಿಯ ಉತ್ತರ. ಮುಂದಿನ ಭಾನುವಾರ ಆ ಉತ್ತರವನ್ನು ಬದಲಿಸಿ, ಚಹದ ಬಟ್ಟಲಿನ ಪಕ್ಕದಲ್ಲಿ ಒಂದು ನೋಟುಬುಕ್ಕು ತೆರೆದು, ಇಬ್ಬರೂ ಕುಳಿತುಕೊಳ್ಳಲಿ.